ಕಿಣ್ವದ ಅಳತೆ

ಮೈಸೂರಿನಿಂದ ಊಟಿಗೆ ಹೋಗುವ ದಾರಿಯಲ್ಲಿ ಗುಂಡ್ಲುಪೇಟೆ. ಆ ತಾಲ್ಲೂಕಿನ ಹಳ್ಳಿಗಳಲ್ಲೊಂದು ಭೀಮನಬೀಡು. ಅಲ್ಲಿಯ ಅಡಿಗೆಮನೆಗೂ ಫ್ರಾನ್ಸ್ ದೇಶದ ದ್ರಾಕ್ಷಾಮದ್ಯದ ನೆಲಮಾಳಿಗೆಗೂ ಏನಾದರೂ ಸಂಬಂಧವುಂಟೆ ಎಂದು ಯಾರಾದರೂ ಕೇಳಿದರೆ, ಉಂಟು ಎಂದೇ ನನ್ನ ಉತ್ತರ. ರಾತ್ರಿ ರುಬ್ಬಿಟ್ಟ ದೋಸೆಹಿಟ್ಟು ಹದಕ್ಕೆ ಬಂದಿದೆಯೆ, ಹದ ಮೀರಿ ಹುಳಿಯಾಗಿದೆಯೆ ಎಂಬುದನ್ನು ಗೃಹಿಣಿ ಪಾತ್ರೆಯ ಮುಚ್ಚಳ ತೆಗೆದೊಡನೆ ಹೇಳಬಲ್ಲಳು. ಮದ್ಯ ತಯಾರಿಸುವವನ ಪ್ರಶ್ನೆಯೂ ಇದೇ. ಆದರೆ ದೋಸೆಹಿಟ್ಟು ಕೆಟ್ಟರೆ ಒಂದು ಹೊತ್ತಿನ ತಿಂಡಿ ಹೋಯಿತು. ದ್ರಾಕ್ಷಾರಸ ಕೆಟ್ಟರೆ ಒಂದು ವರ್ಷದ ಬೆಳೆಯೇ ಹೋಯಿತು.

ಕನ್ನಡ ಪಾಠ ಹೇಳುವವನಿಗೆ ಮದ್ಯದ ವಿಚಾರವೇಕೆ ಎಂದು ವಾಚಕರು ಹುಬ್ಬೇರಿಸಬಹುದು. ನನ್ನನ್ನು ಇತ್ತ ಎಳೆದದ್ದು ಒಂದು ಶಬ್ದ: ಕಿಣ್ವ. ೧೯೦೫ರಲ್ಲಿ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳು ತಾಳೆಗರಿಯ ಕಟ್ಟೊಂದರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ, ೧೯೦೯ರಲ್ಲಿ ಅಚ್ಚು ಹಾಕಿಸಿದ ಸಂಗತಿ ಸುಪ್ರಸಿದ್ಧವಾದುದು. ಆ ಗ್ರಂಥದಲ್ಲಿ ಸುರಾಧ್ಯಕ್ಷನಿಗೆಂದೇ ಒಂದು ಅಧ್ಯಾಯವಿದೆ. 'ಮೇದಕ'ವೆಂಬ ಮದ್ಯಕ್ಕೆ ಒಂದು ದ್ರೋಣ ನೀರು, ಅರ್ಧ ಆಢಕ ಅಕ್ಕಿ, ಮೂರು ಪ್ರಸ್ಥ ಕಿಣ್ವ ಎಂದು ಅಲ್ಲಿ ಲೆಕ್ಕ ಕೊಟ್ಟಿದೆ. ಕಿಣ್ವವೆಂದರೆ ಹುದುಗು ಬರಿಸುವ ವಸ್ತು. ಅದನ್ನು ಒದಗಿಸುವ ಕೆಲಸ ಹೆಂಗಸರು ಮಕ್ಕಳದು ಎಂದೂ ಕೌಟಿಲ್ಯ ಹೇಳುತ್ತಾನೆ. ಬೆರಕೆಗೆ ಅಳತೆಯುಂಟು, ಮಾರಾಟಕ್ಕೆ ನಿಯಮವುಂಟು, ತಪ್ಪಿದವನಿಗೆ ದಂಡವುಂಟು. ಎಲ್ಲಕ್ಕೂ ಮೇಲೆ ರಾಜನ ಕಣ್ಣಿದೆ.

ಆದರೆ ಮಡಕೆಯ ಬಾಯಿ ಕಟ್ಟಿದ ಮೇಲೆ ಒಳಗೆ ನಡೆಯುವುದನ್ನು ತಿಳಿಯುವುದು ಹೇಗೆ? ನಮ್ಮ ಕವಿಗಳಿಂದ ಇದಕ್ಕೆ ಹೆಚ್ಚಿನ ಸಹಾಯ ದೊರೆಯದು. ಪಂಪನು ತನ್ನ ವಿಕ್ರಮಾರ್ಜುನ ವಿಜಯದ ನಾಲ್ಕನೆಯ ಆಶ್ವಾಸದಲ್ಲಿ ಕುಡಿದವರನ್ನು ಕಣ್ಣಿಗೆ ಕಟ್ಟುವಂತೆ ಚಿತ್ರಿಸಿದ್ದಾನೆ. ಮಡಕೆಯ ಬಳಿ ಕಾದು ಕುಳಿತವರು ಅವನ ಕಣ್ಣಿಗೆ ಬಿದ್ದಂತಿಲ್ಲ. ಉತ್ತರವಿರುವುದು ವೈದ್ಯರಲ್ಲಿ. ಆಸವ, ಅರಿಷ್ಟಗಳನ್ನು ಮಾಡುವವರು ಪಾತ್ರೆಗೆ ಕಿವಿಗೊಟ್ಟು ಒಳಗಿನ ಸದ್ದನ್ನು ಆಲಿಸುತ್ತಾರೆ. ಉರಿಯುವ ಕಡ್ಡಿಯನ್ನು ಪಾತ್ರೆಯ ಬಾಯಿಯೊಳಗೆ ಹಿಡಿಯುತ್ತಾರೆ. ಕಡ್ಡಿ ನಂದಿದರೆ ಇಂಗಾಲದ ಅನಿಲ ಇನ್ನೂ ಏಳುತ್ತಿದೆ, ಹುದುಗು ಮುಗಿದಿಲ್ಲ. ನಂದದೆ ಉರಿದರೆ ಮುಗಿಯಿತು. ಖರ್ಚಿಲ್ಲದ, ಕ್ಷಣಮಾತ್ರದಲ್ಲಿ ಫಲ ತಿಳಿಸುವ ಪರೀಕ್ಷೆ ಇದು. ಎಷ್ಟು ಮುಗಿದಿದೆ ಎಂಬುದನ್ನು ಮಾತ್ರ ಇದು ಹೇಳಲಾರದು.

'ಎಷ್ಟು' ಎಂಬುದಕ್ಕೆ ಉತ್ತರ ತೇಲುವ ಗಾಜಿನ ಬುರುಡೆಯಿಂದ ಬಂತು. ಸಕ್ಕರೆ ಹೆಚ್ಚಿದಷ್ಟೂ ರಸ ಸಾಂದ್ರವಾಗುತ್ತದೆ, ಬುರುಡೆ ಮೇಲೆ ತೇಲುತ್ತದೆ. ಸಕ್ಕರೆ ಕರಗಿ ಮದ್ಯಸಾರವಾದಂತೆ ಅದು ಕೆಳಗಿಳಿಯುತ್ತದೆ. ೧೮೦ ಗ್ರಾಂ ಗ್ಲೂಕೋಸು ಪೂರ್ತಿ ಹುದುಗಿದರೆ ಲೆಕ್ಕದ ಪ್ರಕಾರ ೯೨ ಗ್ರಾಂ ಮದ್ಯಸಾರ, ೮೮ ಗ್ರಾಂ ಅನಿಲ. ಫ್ರಾನ್ಸಿನ ಬೋಮೆ ೧೭೬೮ರಲ್ಲಿ ಇಂಥ ಬುರುಡೆಗೆ ಅಳತೆಯ ಗೆರೆಗಳನ್ನು ಕೊಟ್ಟನು. ಮುಂದಿನ ಶತಮಾನದಲ್ಲಿ ಜರ್ಮನಿಯ ಅಕ್ಕಸಾಲಿಗ ಎಕ್ಸ್‌ಲೆ ದ್ರಾಕ್ಷಿಯ ರಸಕ್ಕೆಂದೇ ಒಂದನ್ನು ಪ್ರಚಾರಕ್ಕೆ ತಂದನು. ಇಂಗ್ಲೆಂಡಿನಲ್ಲಿ ೧೮೧೬ರ ಕಾನೂನು ಸೈಕ್ಸ್ ಎಂಬಾತನ ಮಾಪಕವನ್ನು ಸುಂಕದ ಅಳತೆಗೆ ಗೊತ್ತುಮಾಡಿತು. ನಮ್ಮ ದೇಶದ ಅಬಕಾರಿ ಅಧಿಕಾರಿಗಳ ಕೈಗೆ ಬಂದದ್ದೂ ಅದೇ. ಹೀಗೆ ಅಳತೆಗೆ ಇಬ್ಬರು ಯಜಮಾನರಾದರು: ರಸ ಕೆಡದಂತೆ ಕಾಯುವವನು ಒಬ್ಬ, ತಯಾರಾದ ಸರಕಿನ ಮೇಲೆ ತೆರಿಗೆ ಎತ್ತುವವನು ಇನ್ನೊಬ್ಬ. ಎರಡನೆಯವನಿಗೆ ಅವಸರವಿಲ್ಲ. ಮೊದಲನೆಯವನಿಗೆ ಒಂದು ದಿನ ತಡವಾದರೂ ನಷ್ಟ.

ಬುರುಡೆಗೂ ಒಂದು ಕುಂದುಂಟು. ಮದ್ಯಸಾರ ನೀರಿಗಿಂತ ಹಗುರ. ಆದುದರಿಂದ ಹುದುಗು ಮುಗಿಯುತ್ತ ಬಂದಾಗ ಬುರುಡೆ ಸೊನ್ನೆಯನ್ನು ತೋರಿದರೂ ರಸದಲ್ಲಿ ಸಕ್ಕರೆ ಉಳಿದಿರುತ್ತದೆ. ಆ ಉಳಿಕೆಯನ್ನು ನಂಬಿಕೊಂಡು ಬೇಡದ ಸೂಕ್ಷ್ಮಜೀವಿಗಳು ಬೆಳೆಯಬಹುದು. ದ್ರಾಕ್ಷಾಮದ್ಯ ಕೆಡುವುದು ದೈವದ ಮುನಿಸಿನಿಂದಲ್ಲ, ಇಂಥ ಜೀವಿಗಳಿಂದ ಎಂಬುದನ್ನು ಲೂಯಿ ಪಾಶ್ಚರ್ ೧೮೬೬ರ ತನ್ನ ಗ್ರಂಥದಲ್ಲಿ ತೋರಿಸಿಕೊಟ್ಟನು. ರೋಗದ ಕಾರಣ ತಿಳಿಯಿತು. ವೇಳೆಗೆ ಸರಿಯಾಗಿ ನಾಡಿ ಹಿಡಿಯುವ ಉಪಾಯ ಬೇಕಾಗಿತ್ತು.

ಆ ಉಪಾಯ ಬಂದದ್ದು ಆಸ್ಪತ್ರೆಯ ದಾರಿಯಿಂದ. ಮಧುಮೇಹಿಗಳ ಮೂತ್ರದಲ್ಲಿ ಸಕ್ಕರೆಯನ್ನು ಗುರುತಿಸಲು ೧೯೪೧ರಲ್ಲಿ ಕ್ಲಿನಿಟೆಸ್ಟ್ ಎಂಬ ಗುಳಿಗೆ ಬಂತು. ಬಣ್ಣ ನೀಲಿಯಿಂದ ಕಿತ್ತಳೆಗೆ ತಿರುಗಿದರೆ ಸಕ್ಕರೆ ಹೆಚ್ಚೆಂದು ಅರ್ಥ. ಮದ್ಯ ಮಾಡುವವರು ಅದನ್ನೇ ತಮ್ಮ ರಸದ ಉಳಿಕೆ ಸಕ್ಕರೆಗೆ ಬಳಸಿಕೊಂಡರು. ೧೯೬೨ರಲ್ಲಿ ಅಮೆರಿಕದ ಲೆಲಂಡ್ ಕ್ಲಾರ್ಕ್, ಸಕ್ಕರೆಯ ಮೇಲೆ ಮಾತ್ರ ಕೆಲಸ ಮಾಡುವ ಎಂಜೈಮನ್ನು ವಿದ್ಯುತ್ತಿನ ಕಡ್ಡಿಯ ತುದಿಯಲ್ಲಿ ಕೂಡಿಸಿ ಅಳೆಯುವ ಮಾರ್ಗವನ್ನು ಸೂಚಿಸಿದನು. ಇಂದಿನ ಶೀಘ್ರ ಪರೀಕ್ಷೆಯ ಸಲಕರಣೆಗಳಲ್ಲಿ ಹಲವು ಆ ವಂಶದವು. ಮೈಸೂರಿನ ಚೆಲುವಾಂಬ ವಿಲಾಸದಲ್ಲಿ ೧೯೫೦ರಿಂದ ನೆಲೆಗೊಂಡಿರುವ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿಯೂ, ಗ್ಲೂಕೋಸು ಸುಕ್ರೋಸುಗಳನ್ನು ಅಳೆಯುವ ಇಂಥ ಸಂವೇದಕವನ್ನು ಬಾಳಿಕೆ ಬರುವಂತೆ ಮಾಡುವ ಸಂಶೋಧನೆ ಈ ಶತಮಾನದ ಆರಂಭದಲ್ಲಿ ನಡೆದಿದೆ.

ಎಂಜೈಮ್ ಎಂಬುದಕ್ಕೆ ನಮ್ಮ ಪಠ್ಯಪುಸ್ತಕಗಳಲ್ಲಿರುವ ಕನ್ನಡ ಪದ ಯಾವುದು? ಕಿಣ್ವ! ತಾಳೆಗರಿಯಲ್ಲಿ ಮದ್ಯವನ್ನು ಹುದುಗಿಸಿದ ಶಬ್ದವೇ ಈಗ ಅದನ್ನು ಅಳೆಯುವ ವಸ್ತುವಿಗೂ ಹೆಸರಾಗಿದೆ. ಮೈಸೂರೆಂಬ ಒಂದೇ ಊರು ಎರಡಕ್ಕೂ ಸಾಕ್ಷಿ.

೨೦೦೭ರ ಜುಲೈ ೧ರಿಂದ ನಮ್ಮ ರಾಜ್ಯದಲ್ಲಿ ಸಾರಾಯಿ ನಿಂತಿತು. ಅದೇ ವರ್ಷ ದ್ರಾಕ್ಷಿ ಸಂಸ್ಕರಣೆ ಮತ್ತು ದ್ರಾಕ್ಷಾಮದ್ಯದ ನೀತಿಯೂ ಹೊರಟಿತು. ಒಂದು ಬಾಗಿಲು ಮುಚ್ಚಿ ಇನ್ನೊಂದನ್ನು ತೆರೆದದ್ದು ಸರಿಯೆ ತಪ್ಪೆ ಎಂಬ ಚರ್ಚೆ ಬೇರೆ. ಆದರೆ ತೆರೆದ ಮೇಲೆ, ಮಾಪಕ ಅಬಕಾರಿಯ ಕಚೇರಿಯಲ್ಲಿ ಮಾತ್ರ ಇದ್ದರೆ ಸಾಲದು. ಕೌಟಿಲ್ಯನ ಕಾಲದಿಂದಲೂ ಅಳತೆ ಅಧ್ಯಕ್ಷನ ಪಾಲಿಗೆ, ಆತಂಕ ಮಾಡುವವನ ಪಾಲಿಗೆ ಎಂದೇ ಹಂಚಿಕೆಯಾಗಿ ಬಂದಿದೆ. ಹತ್ತು ನಿಮಿಷದಲ್ಲಿ ಉತ್ತರ ಕೊಡುವ, ಅಗ್ಗವಾದ ಸಲಕರಣೆಯೊಂದು ದ್ರಾಕ್ಷಿ ಬೆಳೆದು ತಾನೇ ರಸ ಹಿಂಡುವ ಸಣ್ಣ ರೈತನ ಕೈ ಸೇರಿದರೆ, ಆ ಹಳೆಯ ಹಂಚಿಕೆ ತಿದ್ದುಪಡಿಯಾದೀತು.