ಬಾಗಿಲಿಲ್ಲದ ಕೋಣೆಯ ಜೋಗುಳ

ರಾತ್ರಿ ಎರಡು ಗಂಟೆ. ಹಸುಗೂಸು ಅಳಲು ತೊಡಗುತ್ತದೆ. ಮನೆಯಲ್ಲಿರುವುದು ಒಂದೇ ಕೋಣೆ. ಪಕ್ಕದ ಚಾಪೆಯಲ್ಲಿ ಶಾಲೆಗೆ ಹೋಗುವ ಅಕ್ಕ, ಅವಳ ಮಗ್ಗುಲಲ್ಲಿ ಮೂರು ವರ್ಷದ ಅಣ್ಣ. ಬೆಳಗಿನ ಪಾಳಿಗೆ ಹೊರಡಬೇಕಾದ ತಂದೆ ಗೋಡೆಯ ಕಡೆಗೆ ಮಲಗಿದ್ದಾನೆ. ಕೂಸನ್ನು ಅಳಲು ಬಿಟ್ಟರೆ ಇವರೆಲ್ಲ ಏಳುತ್ತಾರೆ, ಗೋಡೆಯಾಚೆಯ ನೆರೆಯವರೂ ಏಳುತ್ತಾರೆ. ಎತ್ತಿಕೊಂಡರೆ ಅಭ್ಯಾಸ ಕೆಡುತ್ತದೆ ಎಂದು ಶಿಶುಪಾಲನೆಯ ಪುಸ್ತಕಗಳು ಎಚ್ಚರಿಸುತ್ತವೆ. ತಾಯಿ ಏನು ಮಾಡಬೇಕು?

ಕೂಸಿಗೆ ನಿದ್ದೆ ಕಲಿಸಬೇಕು ಎಂಬ ಮಾತು ಬಹಳ ಹಳೆಯದಲ್ಲ. ಅಮೆರಿಕದ ಮಕ್ಕಳ ವೈದ್ಯ ಎಮ್ಮೆಟ್ ಹೋಲ್ಟ್ 1894ರಲ್ಲಿ ಪ್ರಕಟಿಸಿದ ಶಿಶುಪಾಲನೆಯ ಕೈಪಿಡಿ ಇದಕ್ಕೆ ಗಟ್ಟಿಯಾದ ಅಡಿಪಾಯ ಹಾಕಿತು. ಪ್ರಶ್ನೋತ್ತರ ರೂಪದ ಆ ಪುಸ್ತಕವನ್ನು ಬರೆದದ್ದು ತಾಯಂದಿರಿಗಾಗಿ ಮತ್ತು ಕೂಸು ನೋಡಿಕೊಳ್ಳುವ ದಾದಿಯರಿಗಾಗಿ. ತೂಗುವುದು ಅನಗತ್ಯ, ಒಮ್ಮೆ ಅಂಟಿದರೆ ಬಿಡಿಸಲು ಕಷ್ಟವಾದ ಚಟ ಎಂಬುದು ಹೋಲ್ಟ್ ಅಭಿಪ್ರಾಯ. ತಾಯಿಯ ಹಾಸಿಗೆಯಲ್ಲಿ ಮಗು ಮಲಗಲೇಬಾರದು. ಹಟದಿಂದ ಅಳುವ ಮಗುವನ್ನು ಅಳಲು ಬಿಡಬೇಕು. ಮೊದಲ ಸಲ ಗಂಟೆಗಟ್ಟಲೆ ಅತ್ತರೂ ಎರಡನೆಯ ಸಲ ಬೇಗ ಸುಮ್ಮನಾಗುತ್ತದೆ, ಮೂರನೆಯ ಸಲ ಅಳುವ ಪ್ರಸಂಗವೇ ಬರುವುದು ಅಪರೂಪ ಎಂದು ಅವರು ಭರವಸೆ ಕೊಟ್ಟರು.

ನ್ಯೂಜಿಲೆಂಡಿನ ಟ್ರೂಬಿ ಕಿಂಗ್ 1907ರಲ್ಲಿ ಆರಂಭಿಸಿದ ಸಂಸ್ಥೆ ಗಡಿಯಾರ ನೋಡಿ ನಾಲ್ಕು ಗಂಟೆಗೊಮ್ಮೆ ಹಾಲು ಕೊಡುವ, ರಾತ್ರಿ ಹಾಲೇ ಕೊಡದ ಶಿಸ್ತನ್ನು ಪ್ರಚಾರ ಮಾಡಿತು. ಮನಶ್ಶಾಸ್ತ್ರಜ್ಞ ಜಾನ್ ವಾಟ್ಸನ್ 1928ರಲ್ಲಿ ಮಕ್ಕಳನ್ನು ಮುದ್ದಾಡುವುದನ್ನೇ ಪ್ರಶ್ನಿಸಿದರು. ಅಮೆರಿಕದ ಸರ್ಕಾರ 1914ರಿಂದ ಶಿಶುಪಾಲನೆಯ ಕಿರುಪುಸ್ತಕವನ್ನು ಮನೆಮನೆಗೆ ಉಚಿತವಾಗಿ ಹಂಚಿತು.

ಈ ಉಪದೇಶಗಳ ಹಿಂದೆ ಮಾತಿಲ್ಲದೆ ನಿಂತಿದ್ದದ್ದು ಒಂದು ಮನೆಯ ಚಿತ್ರ. ಅಲ್ಲಿ ಕೂಸಿಗೆಂದೇ ಬಿಸಿಲು ಬೀಳುವ ಒಂದು ಕೋಣೆ ಇತ್ತು, ಅದಕ್ಕೊಂದು ಬಾಗಿಲಿತ್ತು. ಅಳಲು ಬಿಡಿ ಎಂದರೆ ಬಾಗಿಲು ಮುಚ್ಚಿ ಹೊರಗೆ ಬನ್ನಿ ಎಂದರ್ಥ. ಮುಚ್ಚಲು ಬಾಗಿಲೇ ಇಲ್ಲದವರ ವಿಷಯದಲ್ಲಿ ಪುಸ್ತಕಗಳು ಹೆಚ್ಚು ಹೇಳಲಿಲ್ಲ.

ಅಂಥವರು ಎಷ್ಟು ಮಂದಿ? ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ 1911ರ ಜನಗಣತಿಯ ವೇಳೆಗೆ ಶೇಕಡ 60ಕ್ಕೂ ಹೆಚ್ಚು ಜನ ಒಂದು ಅಥವಾ ಎರಡು ಕೋಣೆಯ ಮನೆಗಳಲ್ಲಿದ್ದರು. ಅಡುಗೆಮನೆಯ ಗೋಡೆಯೊಳಗಿನ ಗೂಡಿನಲ್ಲಿ ತಂದೆತಾಯಿಯ ಹಾಸಿಗೆ, ಅದರ ಕೆಳಗಿಂದ ಎಳೆಯುವ ಮಣೆಯಲ್ಲಿ ದೊಡ್ಡ ಮಕ್ಕಳು. ಮುಂಬಯಿಯಲ್ಲಿ 1921ರ ಜನಗಣತಿಯಂತೆ ನಗರದ ಸುಮಾರು ಮೂರನೇ ಎರಡು ಭಾಗ ಜನರ ವಾಸ ಒಂದೇ ಕೋಣೆಯ ಬಿಡಾರಗಳಲ್ಲಿ. ಚಾಳಿನ ಒಂದು ಖೋಲಿಯಲ್ಲಿ ಎರಡು ಸಂಸಾರಗಳಿರುವುದೂ ಉಂಟಿತ್ತು.

ಇಂಥ ಮನೆಗಳಲ್ಲಿ ಕೂಸನ್ನು ಮಲಗಿಸಲು ಬಳಕೆಗೆ ಬಂದ ಒಂದು ಉಪಾಯ ಭಯಂಕರವಾದದ್ದು. ಇಂಗ್ಲೆಂಡಿನ ಗಿರಣಿ ಊರುಗಳಲ್ಲಿ 'ಗಾಡ್‌ಫ್ರೀಸ್ ಕಾರ್ಡಿಯಲ್' ಎಂಬ ಔಷಧಿಯನ್ನು ಮಕ್ಕಳಿಗೆ ಕುಡಿಸುತ್ತಿದ್ದರು. ಅದು ಬೆಲ್ಲದ ಪಾಕದಂಥ ಸಿಹಿಯಲ್ಲಿ ಬೆರೆಸಿದ ಅಫೀಮು. ಕಾರ್ಮಿಕರ ಸ್ಥಿತಿಗತಿ ಕುರಿತ 1845ರ ತಮ್ಮ ಗ್ರಂಥದಲ್ಲಿ ಫ್ರೆಡರಿಕ್ ಎಂಗೆಲ್ಸ್ ಇದರ ಹೆಸರನ್ನೇ ಹೇಳಿ ಖಂಡಿಸಿದ್ದಾರೆ. ಅಮೆರಿಕದಲ್ಲಿ 1849ರಿಂದ ಮಾರಾಟವಾದ 'ಮಿಸೆಸ್ ವಿನ್ಸ್‌ಲೋ' ಎಂಬ ಶಮನದ ಪಾನಕದಲ್ಲಿ ಇದ್ದದ್ದು ಮಾರ್ಫಿನ್. ಅಳು ನಿಲ್ಲುತ್ತಿತ್ತು, ಜೊತೆಗೆ ಹಸಿವೂ ಅಡಗುತ್ತಿತ್ತು. ಮಂಪರಿನಲ್ಲೇ ಬಿದ್ದಿರುವ ಕೂಸು ಹಾಲು ಕುಡಿಯದೆ ಸೊರಗುತ್ತಿತ್ತು. ಪ್ರಮಾಣ ಒಂದಿಷ್ಟು ಹೆಚ್ಚಾದರೆ ಏಳುತ್ತಲೇ ಇರಲಿಲ್ಲ.

ಭಾರತದಲ್ಲಿ ಇದರ ಹೆಸರು ಬಾಲಗೋಳಿ. ಹೆಸರೇ ಹೇಳುವಂತೆ ಮಕ್ಕಳ ಗುಳಿಗೆ, ಅದರೊಳಗೆ ಅಫೀಮು. ಮುಂಬಯಿಯ ಗಿರಣಿ ಹೆಂಗಸರ ಹೆರಿಗೆಯ ಸ್ಥಿತಿಗತಿಗಳನ್ನು ಪರಿಶೀಲಿಸಿದ ಡಾ. ಬಾರ್ನ್ಸ್ ಎಂಬ ವೈದ್ಯೆಯ ವರದಿ 1922ರಲ್ಲಿ ಪ್ರಕಟವಾಯಿತು. ದುಡಿಯುವ ಹೆಂಗಸರಿಗೆ ಹುಟ್ಟಿದ ಶಿಶುಗಳ ಪೈಕಿ ಶೇಕಡ 98ಕ್ಕೆ ಅಫೀಮು ಕೊಡಲಾಗುತ್ತಿದೆ ಎಂದು ಆ ವರದಿ ಹೇಳಿತು.

ತಾಯಂದಿರ ಅಜ್ಞಾನವೇ ಇದಕ್ಕೆ ಕಾರಣ ಎಂದು ಹಲವರು ತೀರ್ಪು ಕೊಟ್ಟರು. ಆದರೆ ಆ ತಾಯಿಯ ದಿನಚರಿಯನ್ನು ನೋಡಬೇಕು. ಆಕೆ ಗಿರಣಿಯಲ್ಲಿ ದಿನಕ್ಕೆ ಹತ್ತು-ಹನ್ನೊಂದು ಗಂಟೆ ನಿಲ್ಲಬೇಕು. ಖೋಲಿಯಲ್ಲಿ ಕೂಸನ್ನು ನೋಡಿಕೊಳ್ಳುವವರು ಒಬ್ಬ ಮುದುಕಿಯೋ ಏಳೆಂಟು ವರ್ಷದ ಅಕ್ಕನೋ. ಹಾಲಿಗಾಗಿ ಅಳುವ ಕೂಸನ್ನು ಆ ಹುಡುಗಿ ಎಷ್ಟು ಹೊತ್ತು ತೂಗಿಯಾಳು? ಗುಳಿಗೆ ಕೊಟ್ಟದ್ದು ನಿದ್ದೆಗಾಗಿ ಮಾತ್ರವಲ್ಲ, ಮರುದಿನದ ಕೂಲಿಗಾಗಿ.

ಆದ್ದರಿಂದ ಪಿಡುಗಿಗೆ ಮದ್ದು ಬುದ್ಧಿವಾದದಿಂದಷ್ಟೇ ಸಿಗುವಂತಿರಲಿಲ್ಲ. ಬ್ರಿಟನ್ನಿನಲ್ಲಿ 1868ರ ಔಷಧ ಕಾನೂನು ಅಫೀಮಿನ ಮಾರಾಟಕ್ಕೆ ಕಡಿವಾಣ ಹಾಕಿತು. ಅಮೆರಿಕದಲ್ಲಿ 1906ರ ಕಾಯಿದೆ ಶೀಷೆಯ ಮೇಲೆ ಒಳಗಿನ ವಸ್ತುವಿನ ಹೆಸರು ಬರೆಯುವುದನ್ನು ಕಡ್ಡಾಯ ಮಾಡಿತು. ಮುಂಬಯಿ ಪ್ರಾಂತದಲ್ಲಿ 1929ರಲ್ಲಿ ಹೆರಿಗೆ ಭತ್ಯೆಯ ಕಾಯಿದೆ ಬಂತು. ಭಾರತದಲ್ಲಿ ಅದೇ ಮೊದಲನೆಯದು. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಆಗ ಅದೇ ಪ್ರಾಂತಕ್ಕೆ ಸೇರಿದ್ದವು. ಸ್ವಾತಂತ್ರ್ಯದ ನಂತರ 1948ರ ಕಾರ್ಖಾನೆ ಕಾಯಿದೆ ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವಲ್ಲಿ ಕೂಸುಗಳಿಗೊಂದು ಕೋಣೆ ಇರಲೇಬೇಕೆಂದಿತು. 1976ರ ತಿದ್ದುಪಡಿ ಈ ಸಂಖ್ಯೆಯನ್ನು ಮೂವತ್ತಕ್ಕೆ ಇಳಿಸಿತು. ಮನೆಯಲ್ಲಿ ಇಲ್ಲದ ಕೋಣೆಯನ್ನು ಕಾನೂನು ಕಾರ್ಖಾನೆಯಲ್ಲಿ ಕೇಳಿತು ಎನ್ನಬಹುದು.

ಬಡವರ ಮನೆಯ ಎಲ್ಲ ಉಪಾಯಗಳೂ ವಿಷವಾಗಿರಲಿಲ್ಲ. ಹೋಲ್ಟ್ ಚಟವೆಂದು ಕರೆದ ತೂಗುವಿಕೆಯನ್ನೇ ನೋಡಬಹುದು. ಜಂತಿಗೆ ಹಳೆಯ ಸೀರೆ ಕಟ್ಟಿದರೆ ಜೋಲಿ ಸಿದ್ಧ. ಅದಕ್ಕೆ ನೆಲದ ಮೇಲೆ ಅಂಗೈಯಗಲ ಜಾಗವೂ ಬೇಡ. ಕೆಳಗೆ ಅಣ್ಣ ಅಕ್ಕಂದಿರು ಮಲಗಬಹುದು, ಹೊರಳುವ ಅವರ ಕೈಕಾಲು ಕೂಸಿಗೆ ತಾಗುವುದಿಲ್ಲ. ಜೋಲಿಗೆ ಕಟ್ಟಿದ ಹಗ್ಗದ ತುದಿಯನ್ನು ಹಿಡಿದು ಅಡುಗೆ ಮಾಡುತ್ತಲೇ ತಾಯಿ ತೂಗಬಲ್ಲಳು. ಮಲಗಿದಲ್ಲಿಂದಲೇ ಅಕ್ಕನೂ ತೂಗಬಲ್ಲಳು. ಕಳೆ ಕೀಳುವ ಹೊತ್ತಿಗೆ ಇದೇ ಸೀರೆ ಹೊಲದ ಬದುವಿನ ಮರದ ಕೊಂಬೆಗೆ ಹೋಗುತ್ತದೆ. ಉಳ್ಳವರ ಮನೆಗೆ ಧಾರವಾಡ ಜಿಲ್ಲೆಯ ಕಲಘಟಗಿಯಿಂದ ಬಣ್ಣದ ತೊಟ್ಟಿಲು ಬರುತ್ತಿತ್ತು. ಅದರ ಪಟ್ಟಿಗಳ ಮೇಲೆ ಅರಗಿನ ಬಣ್ಣದಲ್ಲಿ ಪುರಾಣದ ಚಿತ್ರಗಳಿರುತ್ತವೆ.

ಜೋಗುಳದ ಉಪಯೋಗವೂ ಕೂಸಿಗಷ್ಟೇ ಸೀಮಿತವಲ್ಲ. ಒಂದೇ ಕೋಣೆಯಲ್ಲಿ ಅದು ದೊಡ್ಡ ಮಕ್ಕಳಿಗೂ ಕೇಳಿಸುತ್ತದೆ. ಹಾಡು ಶುರುವಾದರೆ ಮಾತು ನಿಲ್ಲಿಸಬೇಕು, ದೀಪ ಸಣ್ಣದಾಗುತ್ತದೆ ಎಂಬುದು ಅವರಿಗೆ ಗೊತ್ತು. ಹೊಸ ಕೂಸು ಬಂದಾಗ ಹಿರಿಯ ಮಗು ಅಮ್ಮನ ಮಗ್ಗುಲು ಬಿಟ್ಟು ಅಜ್ಜಿಯ ಮಗ್ಗುಲಿಗೆ ಹೋಗುತ್ತದೆ. ನಿದ್ದೆಯ ತರಬೇತಿ ಎನ್ನುವುದಾದರೆ ಅದು ಕೂಸೊಂದಕ್ಕೇ ಅಲ್ಲ, ಇಡೀ ಮನೆಗೆ.

ಜೊತೆಗೆ ಮಲಗುವುದಕ್ಕೆ ಜಾಗದ ಕೊರತೆಯೊಂದೇ ಕಾರಣವೆ? ಜಪಾನಿನ ನಗರಗಳ ಕುಟುಂಬಗಳನ್ನು ಅಧ್ಯಯನ ಮಾಡಿದ ಕಾಡಿಲ್ ಮತ್ತು ಪ್ಲಾತ್ 1966ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ಬೇರೆ ಕೋಣೆ ಖಾಲಿ ಇದ್ದರೂ ಅಲ್ಲಿನ ಮಕ್ಕಳು ತಂದೆತಾಯಿಯ ಬಳಿಯೇ ಮಲಗುತ್ತಿದ್ದರು. ಭುವನೇಶ್ವರದ ಮನೆಗಳ ಬಗ್ಗೆ ರಿಚರ್ಡ್ ಶ್ವೆಡರ್ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಅಧ್ಯಯನವೂ ಇಂಥದೇ ಮಾತನ್ನು ಹೇಳಿತು. ಎಳೆಯ ಮಗುವನ್ನು ರಾತ್ರಿ ಒಂಟಿಯಾಗಿ ಬಿಡಬಾರದು ಎಂಬುದು ಅಲ್ಲಿ ಅನುಕೂಲದ ಪ್ರಶ್ನೆಯಲ್ಲ, ಧರ್ಮದ ಪ್ರಶ್ನೆ.

ಪಾಶ್ಚಾತ್ಯ ವೈದ್ಯರ ನಿಲುವೂ ಕಾಲಕ್ರಮೇಣ ಬದಲಾಗಿದೆ. ಬೆಂಜಮಿನ್ ಸ್ಪಾಕ್ 1946ರಲ್ಲಿ ಗಡಿಯಾರದ ಶಿಸ್ತನ್ನು ಸಡಿಲಿಸಿದರು. ರಿಚರ್ಡ್ ಫರ್ಬರ್ 1985ರಲ್ಲಿ ಮಧ್ಯಮ ಮಾರ್ಗ ಸೂಚಿಸಿದರು: ಅಳುವ ಮಗುವಿನ ಬಳಿಗೆ ಸ್ವಲ್ಪ ಸ್ವಲ್ಪವೇ ತಡ ಮಾಡುತ್ತಾ ಹೋಗಿ ಸಮಾಧಾನ ಹೇಳಿ ಬರುವುದು. ಹಸುಗೂಸು ದಿನಕ್ಕೆ ಸುಮಾರು ಹದಿನಾರು ಗಂಟೆ ಮಲಗಿದರೂ ಅದು ಎರಡು ಮೂರು ಗಂಟೆಗಳ ತುಂಡು ನಿದ್ದೆ. ಹಗಲು ರಾತ್ರಿಯ ಲಯ ಮೂಡತೊಡಗುವುದೇ ಎರಡು ಮೂರು ತಿಂಗಳ ನಂತರ ಎಂಬುದು ಈಗ ತಿಳಿದಿದೆ. ಅದಕ್ಕೂ ಮುಂಚೆ ಶಿಸ್ತು ಕಲಿಸುವುದರಲ್ಲಿ ಅರ್ಥವಿಲ್ಲ. ಹಠಾತ್ ಶಿಶುಮರಣದ ಸಂಶೋಧನೆ ಇನ್ನೊಂದು ತಿರುವು ತಂದಿತು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಈಗ ಸೂಚಿಸುವುದು ಹೀಗೆ: ಮಗುವನ್ನು ಬೆನ್ನ ಮೇಲೆ, ಗಟ್ಟಿಯಾದ ಸಮತಟ್ಟು ಹಾಸಿಗೆಯಲ್ಲಿ, ಪ್ರತ್ಯೇಕವಾಗಿ ಮಲಗಿಸಬೇಕು, ಆದರೆ ಕನಿಷ್ಠ ಆರು ತಿಂಗಳು ತಂದೆತಾಯಿಯ ಕೋಣೆಯಲ್ಲೇ ಇರಿಸಬೇಕು. ಈ ಅಳತೆಗೆ ಜೋಲಿಯ ಬಾಗಿದ ತಳ ಹೊಂದುವುದಿಲ್ಲ, ಕೂಸಿನ ಪಕ್ಕದಲ್ಲೇ ಹೊರಳುವ ಅಣ್ಣನೂ ಹೊಂದುವುದಿಲ್ಲ ಎಂಬುದನ್ನು ಮರೆಯುವಂತಿಲ್ಲ. ಹೊಂದುವುದು ಒಂದೇ ಕೋಣೆ, ಬೇರೆ ಹಾಸಿಗೆ ಎಂಬ ಏರ್ಪಾಡು.

ಫಿನ್ಲೆಂಡ್ ಈ ಏರ್ಪಾಡನ್ನು ಬಡವರ ಕೈಗೆ ಎಟುಕಿಸಿತು. ಅಲ್ಲಿನ ಸರ್ಕಾರ 1938ರಿಂದ ಬಡ ತಾಯಂದಿರಿಗೆ, 1949ರಿಂದ ಎಲ್ಲ ತಾಯಂದಿರಿಗೆ ಬಟ್ಟೆಬರೆ ತುಂಬಿದ ರಟ್ಟಿನ ಪೆಟ್ಟಿಗೆ ಕೊಡುತ್ತಾ ಬಂದಿದೆ. ತಳದಲ್ಲಿ ಪುಟ್ಟ ಹಾಸಿಗೆ ಇರುವ ಆ ಪೆಟ್ಟಿಗೆಯೇ ಎಷ್ಟೋ ಮಕ್ಕಳ ಮೊದಲ ಮಂಚ. ಎಷ್ಟೇ ಇಕ್ಕಟ್ಟಾದ ಮನೆಯಲ್ಲೂ ಅದಕ್ಕೊಂದು ಮೂಲೆ ಸಿಗುತ್ತದೆ.

ಇಂದಿನ ಪುಟ್ಟ ಫ್ಲ್ಯಾಟುಗಳಲ್ಲಿ ಎರಡನೆಯ ಮಗು ಹುಟ್ಟಿದಾಗಲೂ ಅದೇ ಹಳೆಯ ಇಕ್ಕಟ್ಟು ಬರುತ್ತದೆ. ಅಜ್ಜಿ ಊರಲ್ಲಿದ್ದಾಳೆ, ಜಂತಿಯ ಜಾಗದಲ್ಲಿ ಕಾಂಕ್ರೀಟು ಇದೆ, ಬಾಗಿಲು ಮುಚ್ಚಿ ಎನ್ನುವ ಪುಸ್ತಕ ಮಾತ್ರ ಕೈಯಲ್ಲಿದೆ. ಅದನ್ನು ಪಾಲಿಸಲಾಗದ ತಾಯಿ ತನ್ನದೇ ತಪ್ಪೆಂದು ಕೊರಗಬೇಕಿಲ್ಲ. ಆ ಪುಸ್ತಕ ಬರೆದವರ ಮನೆಯಲ್ಲಿ ಇನ್ನೊಂದು ಕೋಣೆ ಇತ್ತು, ಅಷ್ಟೆ.