ಚರಿತ್ರಕಾರ ಜಿಯಾಉದ್ದೀನ್ ಬರನಿ

ಮಹಮ್ಮದ್ ಬಿನ್ ತುಘಲಕನು ರಾಜಧಾನಿಯನ್ನು ದೇವಗಿರಿಗೆ ಸಾಗಿಸಿದ ಕಥೆಯನ್ನೂ, ತಾಮ್ರದ ನಾಣ್ಯವನ್ನು ಬೆಳ್ಳಿಯ ಬೆಲೆಗೆ ನಡೆಸಲು ಹೋಗಿ ಕೆಟ್ಟ ಕಥೆಯನ್ನೂ ನಾವು ಬಾಲ್ಯದ ಪಾಠಗಳಲ್ಲಿಯೇ ಓದಿ ನಕ್ಕಿದ್ದೇವೆ. ಇವುಗಳನ್ನು ನಮಗೆ ಉಳಿಸಿಕೊಟ್ಟವರಲ್ಲಿ ಮುಖ್ಯನಾದ ಬರನಿಯು ಅದೇ ಸುಲ್ತಾನನ ಒಡನಾಡಿಯಾಗಿ 17 ವರ್ಷ 3 ತಿಂಗಳು ಅವನ ಅನ್ನವನ್ನುಂಡವನು. ಆದುದರಿಂದ ಅವನ ಗ್ರಂಥವನ್ನು ಓದುವಾಗ ಗ್ರಂಥಕರ್ತನನ್ನು ಮರೆಯುವಂತಿಲ್ಲ.

ಈಗ ಬುಲಂದಶಹರವೆನಿಸಿರುವ ಬರನ್ ಪಟ್ಟಣದ ಮನೆತನದಲ್ಲಿ ಸುಮಾರು 1285ರಲ್ಲಿ ಅವನು ಹುಟ್ಟಿದನು. ಚಿಕ್ಕಪ್ಪನು ಅಲ್ಲಾಉದ್ದೀನ್ ಖಿಲ್ಜಿಯ ಕಾಲದಲ್ಲಿ ದಿಲ್ಲಿಯ ಕೊತವಾಲ. ಕವಿಗಳಾದ ಅಮೀರ್ ಖುಸ್ರೋ, ಅಮೀರ್ ಹಸನರು ಮಿತ್ರರು. ನಿಜಾಮುದ್ದೀನ್ ಔಲಿಯಾ ಗುರು. 1351ರಲ್ಲಿ ತುಘಲಕನು ಮಡಿದು ಫಿರೋಜನು ಪಟ್ಟವೇರಿದೊಡನೆ ಈ ಭಾಗ್ಯವೆಲ್ಲ ಮುಗಿಯಿತು. ಬರನಿಯು ಕೆಲವು ಕಾಲ ಭಟನೇರ್ ಕೋಟೆಯಲ್ಲಿ ಸೆರೆಯಿದ್ದು, ಸಿರಿಯನ್ನು ಕಳೆದುಕೊಂಡು, ತನ್ನ 74ನೆಯ ವಯಸ್ಸಿನಲ್ಲಿ, 1357ರಲ್ಲಿ, 'ತಾರೀಖ್-ಇ-ಫಿರೋಜ್ ಶಾಹಿ'ಯನ್ನು ಮುಗಿಸಿದನು. ಗ್ರಂಥಕ್ಕೆ ಹೊಸ ಸುಲ್ತಾನನ ಹೆಸರನ್ನಿಟ್ಟರೂ ಅರಮನೆಯ ಬಾಗಿಲು ಅವನಿಗೆ ತೆರೆಯಲಿಲ್ಲ.

ಬಲ್ಬನನ ಪಟ್ಟಾಭಿಷೇಕದಿಂದ ಫಿರೋಜನ ಮೊದಲ ಆರು ವರ್ಷಗಳವರೆಗಿನ ವೃತ್ತಾಂತ ಇದರಲ್ಲಿದೆ. ಇಸವಿಗಳ ವಿಷಯದಲ್ಲಿ ಅವನು ಬಹಳ ಅಲಕ್ಷ್ಯಗಾರ. ಆದರೆ ಸಂತೆಯ ದರವನ್ನು ಮಾತ್ರ ಮರೆಯನು! ಅಲ್ಲಾಉದ್ದೀನನ ಕಟ್ಟಳೆಯಂತೆ ದಿಲ್ಲಿಯಲ್ಲಿ ಮಣ ಗೋಧಿಗೆ ಏಳೂವರೆ ಜಿತಲ್, ಅಕ್ಕಿಗೆ 5, ಜವೆಗೋಧಿಗೆ 4. ಮಳೆ ಹೋದ ವರ್ಷದಲ್ಲಿಯೂ ಈ ಬೆಲೆ ಏರಲಿಲ್ಲವೆಂದು ಬೆರಗಾಗಿ ಬರೆಯುತ್ತಾನೆ. ನಮ್ಮ ಹೊಯ್ಸಳರ ದ್ವಾರಸಮುದ್ರಕ್ಕೂ ಆಚೆಯ ಮಾಬರಕ್ಕೂ ದಂಡೆತ್ತಿ ಹೋದ ಮಲಿಕ್ ಕಾಫೂರನು 1311ರಲ್ಲಿ 612 ಆನೆಗಳನ್ನೂ 96,000 ಮಣ ಚಿನ್ನವನ್ನೂ ತಂದನೆಂದು ಹೇಳುವವನೂ ಇವನೇ. ಆ ಕಾಲದ ಮಣವು ಚಿಕ್ಕದೆಂದಿಟ್ಟುಕೊಂಡರೂ ಈ ಚಿನ್ನದ ಲೆಕ್ಕವನ್ನು ನಾವು ನಂಬಲಾರೆವು.

ದೋಷಗಳು ಇಷ್ಟಕ್ಕೇ ನಿಲ್ಲುವುದಿಲ್ಲ. ಚರಿತ್ರೆಯು ಕುಲೀನರ ಸೊತ್ತು, ಕೀಳು ಕುಲದವರಿಗೆ ವಿದ್ಯೆ ಸಲ್ಲದು ಎಂಬುದು ಅವನ ಹಠ. ಹಿಂದುಗಳ ವಿಷಯದಲ್ಲಿ ಅವನ ಮಾತು ಕ್ರೂರವಾದುದು. ಇದನ್ನು ಮರೆಮಾಚಿ ಹೊಗಳುವುದು ಸಲ್ಲದು.

ಇಷ್ಟಾದರೂ ಅವನನ್ನು ನಾವು ಕೈಬಿಡಲಾರೆವು. 1345ರಲ್ಲಿ ಗುಜರಾತಿನ ದಂಗೆಯನ್ನಡಗಿಸಲು ಹೊರಟ ತುಘಲಕನು ದಾರಿಯಲ್ಲಿ ಸುಲ್ತಾನಪುರದಲ್ಲಿ ತಂಗಿದ್ದಾಗ ಬರನಿಯನ್ನು ಕರೆಸಿ, ನಾಡೆಲ್ಲ ಏಕೆ ಹೀಗೆ ದಂಗೆಯೇಳುತ್ತಿದೆಯೆಂಬ ಮಾತನ್ನೆತ್ತಿದನು. ಸುಲ್ತಾನನ ಮಿತಿಮೀರಿದ ದಂಡನೆಗಳೇ ಇದಕ್ಕೆ ಕಾರಣವೆಂದೂ, ಕೆಲವು ಕಾಲ ಅವನ್ನು ನಿಲ್ಲಿಸಿದರೆ ಜನರ ಮನಸ್ಸು ತಿರುಗೀತೆಂದೂ ಹೇಳಬೇಕೆಂದು ಬರನಿಗೆ ತೋರಿತು. ಸುಲ್ತಾನನ ಕೋಪಕ್ಕೆ ಹೆದರಿ ಬಾಯಿ ತೆರೆಯಲಿಲ್ಲ. ಈ ಮೌನವನ್ನು ಅವನೇ ಬರೆದಿಟ್ಟಿದ್ದಾನೆ, ಬೇರೆ ಸಾಕ್ಷಿಯಿಲ್ಲ. ಹಣದಾಸೆಯಿಂದಲೂ ಪ್ರಾಣಭಯದಿಂದಲೂ ತಾನೂ ತನ್ನಂಥವರೂ ಅಧರ್ಮವನ್ನು ಕಂಡು ಸುಮ್ಮನಿದ್ದೆವು, ಮುಪ್ಪಿನ ಈ ದುರವಸ್ಥೆ ಅದರ ಫಲವೆಂದು ಮತ್ತೊಂದೆಡೆ ಒಪ್ಪಿಕೊಳ್ಳುತ್ತಾನೆ. ಸುಲ್ತಾನರನ್ನು ಹಳಿದ ಆಸ್ಥಾನಿಕರು ಉಂಟು. ಆಸ್ಥಾನದಲ್ಲಿ ಕುಳಿತ ತನ್ನನ್ನೇ ಹಳಿದುಕೊಂಡವರನ್ನು ನಾವು ಹೆಚ್ಚಾಗಿ ಕಂಡಿಲ್ಲ.

ಅವನು ಸತ್ತಾಗ ಮನೆಯಲ್ಲಿ ಕಾಸಿರಲಿಲ್ಲವೆಂದು ಸಮಕಾಲೀನನಾದ ಅಮೀರ್ ಖುರ್ದನು ತಿಳಿಸುತ್ತಾನೆ. ದಿಲ್ಲಿಯಲ್ಲಿ ಗುರುವಿನ ಸಮಾಧಿಯ ಬಳಿಯಲ್ಲಿ ಅವನನ್ನು ಹೂಳಿದರು. ಗ್ರಂಥವು ಐನೂರು ವರ್ಷ ಕೈಬರಹದಲ್ಲಿಯೇ ಉಳಿದು, ಸಯ್ಯದ್ ಅಹಮದ್ ಖಾನರ ಪರಿಷ್ಕರಣದಿಂದ 1862ರಲ್ಲಿ ಕಲ್ಕತ್ತೆಯಲ್ಲಿ ಅಚ್ಚಾಯಿತು.