ಆಸ್ಟ್ರೇಲಿಯದ ಕ್ರಿಕೆಟ್ಟಿನಲ್ಲಿ ಹಾಸ್ಯಪರಂಪರೆ

ಆಸ್ಟ್ರೇಲಿಯದ ಕ್ರಿಕೆಟ್ಟೆಂದೊಡನೆ ನಮ್ಮವರ ಮನಸ್ಸಿಗೆ ಬರುವುದು ವೇಗದ ಚೆಂಡು, ಹಸಿರು ಟೊಪ್ಪಿಗೆ, ಬ್ರಾಡ್‌ಮನ್ನನ 99.94ರ ಸರಾಸರಿ, ಸೋಲನ್ನೊಪ್ಪದ ಹಟ. ಆದರೆ ಆ ದೇಶದ ಆಟವನ್ನು ಬಹುಕಾಲದಿಂದ ಅಕ್ಕರೆಯಿಂದ ಅನುಸರಿಸುತ್ತ ಬಂದಿರುವ ನನಗೆ, ಅದರ ಜೀವಸತ್ತ್ವವು ಇವೆಲ್ಲಕ್ಕಿಂತ ಮಿಗಿಲಾಗಿ ಅಲ್ಲಿಯ ಹಾಸ್ಯಪ್ರಜ್ಞೆಯಲ್ಲಿದೆಯೆಂದೂ, ಎಂತಹ ಮಹಾಪುರುಷನನ್ನಾದರೂ ನೆಲಕ್ಕಿಳಿಸಿ ತನ್ನ ಪಕ್ಕದಲ್ಲಿ ಕೂರಿಸಿಕೊಳ್ಳುವ ಸಮತಾಭಾವವೇ ಆ ಹಾಸ್ಯದ ಮೂಲವೆಂದೂ ತೋರುತ್ತದೆ.

ಈ ಪರಂಪರೆಯ ಬೀಜವನ್ನು ಬಿತ್ತಿದವರು ಸ್ವತಃ ಇಂಗ್ಲಿಷರೇ. 1882ರ ಆಗಸ್ಟಿನಲ್ಲಿ, ಗೆಲ್ಲುವುದಕ್ಕೆ 85 ರನ್ನುಗಳಷ್ಟೇ ಬೇಕಾಗಿದ್ದ ಇಂಗ್ಲೆಂಡ್ ತಂಡವು ಲಂಡನ್ನಿನ ಓವಲ್ ಮೈದಾನದಲ್ಲಿ ಆಸ್ಟ್ರೇಲಿಯದ ಬೌಲರ್ ಸ್ಪಾಫರ್ತನ ದಾಳಿಗೆ ತತ್ತರಿಸಿ 7 ರನ್ನುಗಳಿಂದ ಸೋತಾಗ, ಅಲ್ಲಿಯ ಪತ್ರಿಕೆಯೊಂದು ಇಂಗ್ಲಿಷ್ ಕ್ರಿಕೆಟ್ಟಿಗೆ ಮರಣವಾರ್ತೆಯನ್ನು ಬರೆದು, ಚಿತಾಭಸ್ಮವನ್ನು ಆಸ್ಟ್ರೇಲಿಯಕ್ಕೆ ಒಯ್ಯಲಾಗುವುದೆಂದು ಪ್ರಕಟಿಸಿತು. ಮುಂದಿನ ಪ್ರವಾಸದಲ್ಲಿ ಮೆಲ್ಬರ್ನಿನ ಸಮೀಪದ ರೂಪರ್ಟ್ಸ್‌ವುಡ್ ಬಂಗಲೆಯ ಮಹಿಳೆಯರು ಆ ವಿನೋದವನ್ನು ಅಲ್ಲಿಗೇ ಬಿಡದೆ, ನಿಜವಾಗಿಯೂ ಒಂದಿಷ್ಟು ಬೂದಿಯನ್ನು ಗೇಣುದ್ದವೂ ಇಲ್ಲದ ಕುಡಿಕೆಯಲ್ಲಿ ತುಂಬಿ ಇಂಗ್ಲೆಂಡಿನ ನಾಯಕ ಐವೊ ಬ್ಲೈಗ್‌ನಿಗೆ ಕಾಣಿಕೆಯಾಗಿತ್ತರು. ಆ ಬಂಗಲೆಯಲ್ಲಿ ಸಂಗೀತ ಕಲಿಸುತ್ತಿದ್ದ ಫ್ಲಾರೆನ್ಸ್ ಮಾರ್ಫಿಯನ್ನೇ ಬ್ಲೈಗ್ ಅನಂತರ ವರಿಸಿದನು. ಎರಡು ರಾಷ್ಟ್ರಗಳು ಇಂದಿಗೂ ಪ್ರಾಣವನ್ನು ಪಣವಾಗಿಟ್ಟಂತೆ ಕಾದಾಡುವುದು ಒಂದು ನಗೆಮಾತಿನಿಂದ ಹುಟ್ಟಿದ ಹಿಡಿ ಬೂದಿಗಾಗಿ.

ಹಾಸ್ಯವು ಅಲ್ಲಿಂದ ಪ್ರೇಕ್ಷಕರ ನಡುವೆ ಬೇರೂರಿತು. ಸಿಡ್ನಿ ಮೈದಾನದ ಹುಲ್ಲುದಿಬ್ಬದ ಮೇಲೆ ಅಗ್ಗದ ಟಿಕೆಟ್ಟಿನ ಜನರ ಮಧ್ಯೆ ಕುಳಿತು ಘಂಟಾಘೋಷವಾಗಿ ಟೀಕೆಮಾಡುತ್ತಿದ್ದ ಸ್ಟೀಫನ್ ಗ್ಯಾಸ್ಕಾಯಿನನನ್ನು ಜನರು ಕರೆಯುತ್ತಿದ್ದುದು ಯಾಬಾ ಎಂದು. ಅವನ ಕಸುಬು ಬೀದಿಬೀದಿಯಲ್ಲಿ ಮೊಲದ ಮಾಂಸವನ್ನು ಮಾರುವುದು. 1932-33ರಲ್ಲಿ, ದಾಂಡಿಗರ ಮೈಗೇ ಚೆಂಡನ್ನು ಗುರಿಯಿಡಿಸಿ ಇಡೀ ದೇಶದ ಕೋಪಕ್ಕೆ ಪಾತ್ರನಾಗಿದ್ದ ಇಂಗ್ಲೆಂಡಿನ ನಾಯಕ ಜಾರ್ಡೀನನು ಮುಖದ ಮೇಲೆ ಕುಳಿತ ನೊಣವನ್ನು ಕೈಬೀಸಿ ಅಟ್ಟಿದಾಗ, ನಮ್ಮ ನೊಣಗಳ ತಂಟೆಗೆ ಬರಬೇಡವಯ್ಯ, ಈ ದೇಶದಲ್ಲಿ ನಿನಗಿರುವ ಸ್ನೇಹಿತರು ಅವು ಮಾತ್ರ ಎಂದು ಯಾಬಾ ದಿಬ್ಬದ ಮೇಲಿನಿಂದ ಕೂಗಿದನೆಂಬುದು ಪ್ರತೀತಿ. ಕಲ್ಲೆಸೆಯಬಹುದಾಗಿದ್ದ ಜನಸ್ತೋಮವನ್ನು ಇಂತಹ ಒಂದು ಮಾತು ನಗಿಸಿ ಶಾಂತಗೊಳಿಸಬಲ್ಲುದು. ಆ ಮೈದಾನದಲ್ಲಿ ಈಗ ಆ ಮೊಲಮಾರುವವನ ಕಂಚಿನ ಪ್ರತಿಮೆಯಿದೆ; ನೋಡುವವನಿಗೆ ಇಂತಹ ಗೌರವ ಸಲ್ಲಿಸಿದ ಕ್ರೀಡಾಂಗಣಗಳು ವಿರಳ.

ಆಟಗಾರರೂ ಪ್ರೇಕ್ಷಕರಿಗೆ ಹಿಂದೆಬೀಳಲಿಲ್ಲ. ಪರ್ವತಕಾಯನಾದ ನಾಯಕ ವಾರ್ವಿಕ್ ಆರ್ಮ್‌ಸ್ಟ್ರಾಂಗನು 1921ರಲ್ಲಿ, ಸರಣಿಯು ಆಗಲೇ ಕೈವಶವಾಗಿ ಓವಲ್ ಪಂದ್ಯವು ನೀರಸವಾಗಿ ಎಳೆಯುತ್ತಿದ್ದಾಗ, ಗಾಳಿಗೆ ಹಾರಿಬಂದ ವೃತ್ತಪತ್ರಿಕೆಯೊಂದನ್ನು ಮೈದಾನದಲ್ಲೇ ನಿಂತು ಓದತೊಡಗಿದನು. ಕೇಳಿದವರಿಗೆ, ನಾವು ಯಾರೊಡನೆ ಆಡುತ್ತಿದ್ದೇವೆಂದು ತಿಳಿಯುವುದಕ್ಕೆ ಎಂದು ಉತ್ತರಿಸಿದನಂತೆ. ಇದು ಗೆದ್ದವನ ವಿನೋದ. ಸೋತಾಗಲೂ ನಗಬಲ್ಲವನೇ ದೊಡ್ಡವನೆಂದರೆ ಆರ್ಥರ್ ಮೇಯ್ಲಿಯನ್ನು ನೆನೆಯಬೇಕು. ವ್ಯಂಗ್ಯಚಿತ್ರಕಾರನೂ ಆಗಿದ್ದ ಈ ಲೆಗ್‌ಸ್ಪಿನ್ನರನು, 1926ರ ಡಿಸೆಂಬರಿನಲ್ಲಿ ಮೆಲ್ಬರ್ನಿನಲ್ಲಿ ವಿಕ್ಟೋರಿಯ ತಂಡವು ನ್ಯೂ ಸೌತ್ ವೇಲ್ಸಿನ ವಿರುದ್ಧ 1107 ರನ್ನುಗಳನ್ನು ಪೇರಿಸಿದಾಗ, 4 ವಿಕೆಟ್ಟಿಗೆ 362 ರನ್ನುಗಳನ್ನು ತೆತ್ತನು. ಇಷ್ಟಾಗಿಯೂ ಅವನು ಬೌಲಿಂಗನ್ನು ದೂರಲಿಲ್ಲ, ವಿಧಿಯನ್ನು ಹಳಿಯಲಿಲ್ಲ. ಕೊನೆಯವನು ರನ್ನೌಟಾದುದೇ ಅನ್ಯಾಯ, ನನ್ನ ಕೈ ಆಗತಾನೆ ಕುದುರುತ್ತಿತ್ತು ಎಂದನು.

ಇನ್ನು ನಗೆ ತರಿಸುವ ನಂಬಿಕೆಗಳ ಮಾತು. ಶತಕಕ್ಕೆ 13 ಕಡಿಮೆಯಾದ 87ನ್ನು ಆಸ್ಟ್ರೇಲಿಯದ ಆಟಗಾರರು ಅಪಶಕುನವೆಂದೆಣಿಸುವರು. ಮುಂದೆ ಆಸ್ಟ್ರೇಲಿಯದ ಹೆಸರಾಂತ ಆಟಗಾರನಾದ ಕೀತ್ ಮಿಲ್ಲರನು ಬಾಲಕನಾಗಿದ್ದಾಗ, ಬ್ರಾಡ್‌ಮನ್ 87ಕ್ಕೆ ಔಟಾದುದನ್ನು ನೋಡಿ ಈ ನಂಬಿಕೆಯನ್ನು ಬೆಳೆಸಿಕೊಂಡನೆಂದೂ, ಫಲಕದ ಅಂಕಿ ಹಿಂದೆಬಿದ್ದಿತ್ತು, ಬ್ರಾಡ್‌ಮನ್ ವಾಸ್ತವವಾಗಿ ಗಳಿಸಿದ್ದುದು 89 ಎಂಬುದು ಬಹಳ ತಡವಾಗಿ ಅವನಿಗೆ ತಿಳಿಯಿತೆಂದೂ ಹೇಳುವರು. ಆಧಾರವು ಕುಸಿದರೂ ನಂಬಿಕೆ ಮಾತ್ರ ಉಳಿದುಕೊಂಡಿತು.

1977ರಲ್ಲಿ ದೂರದರ್ಶನ ವಾಹಿನಿಯ ಒಡೆಯ ಕೆರಿ ಪ್ಯಾಕರನು ಕ್ರಿಕೆಟ್ಟನ್ನು ದೂರದರ್ಶನದ ವೈಭವಕ್ಕೆ ಒಯ್ದಮೇಲೆ ಹಾಸ್ಯವೂ ಮನೆಮನೆಯನ್ನು ಹೊಕ್ಕಿತು. ಸೊನ್ನೆಗೆ ಔಟಾಗಿ ತಲೆತಗ್ಗಿಸಿ ಮರಳುವ ದಾಂಡಿಗನ ಜೊತೆಗೆ ಪರದೆಯ ಮೇಲೆ ಅಳುತ್ತ ನಡೆಯುವ ಬಾತುಕೋಳಿಯ ಚಿತ್ರ ಬಂದಿತು; ವೀಕ್ಷಕವಿವರಣೆಕಾರರ ಧ್ವನಿಯನ್ನೆಲ್ಲ ಒಬ್ಬನೇ ಅನುಕರಿಸಿ 1984ರಿಂದ ಧ್ವನಿಮುದ್ರಿಕೆಗಳನ್ನು ಹೊರತಂದ ಬಿಲ್ಲಿ ಬರ್ಮಿಂಗ್‌ಹ್ಯಾಮನು ಮನೆಮಾತಾದನು. ಅವನು ಬಹುವಾಗಿ ಅನುಕರಿಸಿದ ರಿಚಿ ಬೆನೊ, ಮಿತಭಾಷಿ, ಗಂಭೀರ, ಕೆನೆಬಣ್ಣದ ಕೋಟಿನ ಹಿರಿಯ. ಈಗ ಸಿಡ್ನಿ ಟೆಸ್ಟಿನ ಎರಡನೆಯ ದಿನ ನೂರಾರು ತರುಣರು ಬೆಳ್ಳಿಗೂದಲ ಟೋಪನ್ನೂ ಕೆನೆಬಣ್ಣದ ಕೋಟನ್ನೂ ಧರಿಸಿ ಸಾಲುಸಾಲಾಗಿ ಕೂರುವರು. 2015ರಲ್ಲಿ ಅಗಲಿದ ಆ ಮಹನೀಯನಿಗೆ ಇದಕ್ಕಿಂತ ಪ್ರೀತಿಯ ಶ್ರದ್ಧಾಂಜಲಿಯನ್ನು ನಾನರಿಯೆ.

ಕನ್ನಡಿಗರಿಗೂ ಈ ಹಾಸ್ಯದಲ್ಲಿ ಪಾಲುಂಟು. 1977-78ರ ಪ್ರವಾಸದಲ್ಲಿ ನಮ್ಮ ಬಿ. ಎಸ್. ಚಂದ್ರಶೇಖರರು ಮೆಲ್ಬರ್ನಿನ ಎರಡು ಇನ್ನಿಂಗ್ಸುಗಳಲ್ಲಿಯೂ 52 ರನ್ನಿಗೆ 6 ವಿಕೆಟ್ಟುಗಳನ್ನು ಕಿತ್ತು, ಆ ನೆಲದಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಜಯವನ್ನು ತಂದರು. ಅದೇ ಸರಣಿಯಲ್ಲಿ ಬ್ಯಾಟು ಹಿಡಿದು ನಾಲ್ಕು ಬಾರಿ ಸೊನ್ನೆ ಸುತ್ತಿದರು. ಆತಿಥೇಯರು ಅವರಿಗೆ ನಡುವೆ ತೂತು ಕೊರೆದ ಬ್ಯಾಟೊಂದನ್ನು ಉಡುಗೊರೆಯಾಗಿ ಕೊಟ್ಟರು. ತಮ್ಮನ್ನು ಸೋಲಿಸಿದವನನ್ನು ಹೀಗೆ ನಗುನಗುತ್ತ ಸತ್ಕರಿಸುವ ಔದಾರ್ಯ ಸಾಮಾನ್ಯವಲ್ಲ.

ಇದೇ ನಗೆ ಕಹಿಯಾದ ಸಂದರ್ಭಗಳೂ ಇವೆ. 1981ರಲ್ಲಿ ಮೆಲ್ಬರ್ನಿನಲ್ಲಿ ನ್ಯೂಜಿಲೆಂಡಿನ ವಿರುದ್ಧ ಕೊನೆಯ ಚೆಂಡನ್ನು ನೆಲದಮೇಲೆ ಉರುಳಿಸಿದುದು, ಪರಿಹಾಸವು ಸ್ಲೆಡ್ಜಿಂಗ್ ಎಂಬ ಬೈಗುಳಾಗಿ ಕೆಟ್ಟುದು, 2018ರಲ್ಲಿ ಕೇಪ್ ಟೌನಿನಲ್ಲಿ ಮರಳುಕಾಗದದಿಂದ ಚೆಂಡನ್ನುಜ್ಜಿದುದು, ಇವೆಲ್ಲ ಗೆಲವಿನ ದಾಹವು ವಿನೋದವನ್ನು ನುಂಗಿದ ಘಟನೆಗಳು. 2008ರ ಸಿಡ್ನಿ ಟೆಸ್ಟಿನ ಅಂತ್ಯದಲ್ಲಿ ಭಾರತದ ನಾಯಕ ಅನಿಲ್ ಕುಂಬ್ಳೆಯವರು, ಆಟದ ಧರ್ಮವನ್ನು ಪಾಲಿಸಿದುದು ಒಂದೇ ತಂಡವೆಂದು ಹೇಳಿದಾಗ, 1933ರಲ್ಲಿ ಆಸ್ಟ್ರೇಲಿಯದ ನಾಯಕ ವುಡ್‌ಫುಲ್ ಇಂಗ್ಲಿಷರನ್ನು ಕುರಿತಾಡಿದ ಮಾತೇ ಆ ದೇಶಕ್ಕೆ ಮರಳಿ ಬಂದಂತಾಯಿತು. ಅಲ್ಲಿಯ ಜನರು ಆಗ ತಮ್ಮ ತಂಡವನ್ನೇ ಟೀಕಿಸಲು ಹಿಂಜರಿಯಲಿಲ್ಲ; ಕೇಪ್ ಟೌನಿನ ಅನಂತರವಂತೂ ನಾಯಕನನ್ನೂ ಉಪನಾಯಕನನ್ನೂ ಅವರ ಕ್ರಿಕೆಟ್ ಮಂಡಲಿಯೇ ಒಂದು ವರ್ಷ ಹೊರಗಿರಿಸಿತು.

ತನ್ನ ವೀರರನ್ನು ನೋಡಿ ನಗಬಲ್ಲ ಜನತೆಗೆ ಅವರ ತಪ್ಪನ್ನು ತಪ್ಪೆನ್ನುವ ಧೈರ್ಯವೂ ಇರುತ್ತದೆ. ಆಟಗಾರರನ್ನು ದೇವರಾಗಿಸಿ ಸೋತೊಡನೆ ಶಪಿಸುವ ನಮ್ಮ ಪ್ರೇಕ್ಷಕರು ಆಸ್ಟ್ರೇಲಿಯದಿಂದ ಕಲಿಯತಕ್ಕುದು ಮೊದಲು ಇದನ್ನೇ.